ಇಡ್ಲಿ-ಕಾಫಿಗೆ 6040 ರೂಪಾಯಿ! ಪೈಥಾನ್‌ಗೆ ಅಂಕಿ ಓದಿಸುವುದು ಹೇಗೆ

ಮುಂಬೈನ ಮಾಟುಂಗಾದ ಉಡುಪಿ ಹೋಟೆಲೊಂದರ ಗಲ್ಲಾಕ್ಕೆ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬಿಲ್ ಪ್ರೋಗ್ರಾಮ್ ಬರೆಯುತ್ತಿದ್ದೀರಿ ಅನ್ನಿ. ಇಡ್ಲಿಗೆ 60, ಕಾಫಿಗೆ 40 ಒತ್ತಿದರೆ ಪರದೆಯ ಮೇಲೆ 6040. ಅದು ಕೂಡಿಸಿದ್ದಲ್ಲ, ಅಂಟಿಸಿದ್ದು. ಪೈಥಾನ್ 3ರಲ್ಲಿ ಕೀಲಿಮಣೆಯಲ್ಲಿ ಒತ್ತಿದ್ದನ್ನು ಓದುವ ‘ಇನ್‌ಪುಟ್’ ಕೊಡುವುದು ಯಾವಾಗಲೂ ಸ್ಟ್ರಿಂಗ್, ಅಂದರೆ ಬರೀ ಅಕ್ಷರಗಳ ಸಾಲು. ಕೂಡಿಸುವಾಗಿನ ತಪ್ಪು ಕಣ್ಣಿಗೆ ರಾಚುತ್ತದೆ; ಹೋಲಿಸುವಾಗಿನದು ಸದ್ದಿಲ್ಲದೆ ಕೂತಿರುತ್ತದೆ. ಸ್ಟ್ರಿಂಗ್ ಲೆಕ್ಕದಲ್ಲಿ 100 ಎಂಬುದು 60ಕ್ಕಿಂತ ಚಿಕ್ಕದು, ಏಕೆಂದರೆ ಮೊದಲ ಅಕ್ಷರ 1.

ಹೆಜ್ಜೆ 1: ಪ್ಲೇಟುಗಳ ಎಣಿಕೆಗೆ ‘ಇಂಟ್’ ಬಳಸಿ, ಅದು ಸ್ಟ್ರಿಂಗನ್ನು ಪೂರ್ಣಾಂಕವಾಗಿಸುತ್ತದೆ. ಇನ್‌ಪುಟ್‌ನ ಸುತ್ತ ಅದನ್ನು ಹಾಕಿದರಾಯಿತು.

ಹೆಜ್ಜೆ 2: ಎಲ್ಲರೂ ಎಡವುವುದು ಇಲ್ಲಿ. ಗಲ್ಲಾದಲ್ಲಿ ಕೂತವರು 60 ಅಂತಷ್ಟೇ ಒತ್ತುವುದಿಲ್ಲ. ‘60/-’, ‘1,200’ ಅಂತಲೂ ಒತ್ತುತ್ತಾರೆ, ಖಾಲಿ ಎಂಟರ್ ಕೂಡ. ಮೂರಕ್ಕೂ ಕೊಟ್ಟದ್ದು ಅಂಕಿಯಲ್ಲ ಎಂಬ ‘ವ್ಯಾಲ್ಯೂ ಎರರ್’ ದೋಷ ಬಂದು ಪ್ರೋಗ್ರಾಮ್ ಬೀಳುತ್ತದೆ. ಅದಕ್ಕೆ ನಿಲ್ಲಿಸುವ ತನಕ ಸುತ್ತುತ್ತಲೇ ಇರುವ ‘ವೈಲ್ ಟ್ರೂ’ ಲೂಪಿನೊಳಗೆ, ತಪ್ಪಾದರೆ ಬೀಳದೆ ‘ಎಕ್ಸೆಪ್ಟ್’ ಭಾಗಕ್ಕೆ ಹೋಗುವ ‘ಟ್ರೈ’ ಇಡಿ. ಟ್ರೈ ಒಳಗೆ ಇಂಟ್ ಇರುವ ಒಂದೇ ಸಾಲು ಇರಲಿ. ಇಡೀ ಬಿಲ್ಲಿನ ಲೆಕ್ಕವನ್ನು ಅಲ್ಲೇ ತುರುಕಿದರೆ ಬೇರೆಲ್ಲೋ ಆದ ತಪ್ಪಿಗೂ ‘ಅಂಕಿ ಸರಿಯಿಲ್ಲ’ ಎಂಬ ಬೈಗುಳವೇ ಬರುತ್ತದೆ. ‘ಎಕ್ಸೆಪ್ಟ್’ ಮುಂದೆ ವ್ಯಾಲ್ಯೂ ಎರರ್ ಎಂದು ಹೆಸರು ಹಾಕಲೇಬೇಕು. ಹೆಸರಿಲ್ಲದಿದ್ದರೆ ಅದು ಪ್ರೋಗ್ರಾಮ್ ನಿಲ್ಲಿಸುವ ಕಂಟ್ರೋಲ್-ಸಿ ಯನ್ನೂ ನುಂಗುತ್ತದೆ, ಸರಿಯಾದ ಅಂಕಿ ಒತ್ತದೆ ಲೂಪಿನಿಂದ ಹೊರಬರಲು ಟರ್ಮಿನಲ್ಲನ್ನೇ ಮುಚ್ಚಬೇಕಾಗುತ್ತದೆ. ಅಲ್ಪವಿರಾಮವನ್ನು ‘ರಿಪ್ಲೇಸ್’ ಹಾಕಿ ಮೊದಲೇ ತೆಗೆಯಿರಿ. ಅಂಕಿಯ ಆಚೀಚೆಯ ಖಾಲಿ ಜಾಗವನ್ನು ಇಂಟ್ ತಾನೇ ಕಳೆಯುತ್ತದೆ.

‘ಈಸ್‌ಡಿಜಿಟ್’ ಎಂಬ, ಎಲ್ಲ ಅಕ್ಷರವೂ ಅಂಕಿಯೇ ಎಂದು ನೋಡುವ ಪರೀಕ್ಷೆ ಸಾಕಲ್ಲ ಅನ್ನುವವರಿದ್ದಾರೆ. ಸಾಲದು: -5 ಅನ್ನು ಅದು ಅಂಕಿಯೇ ಅಲ್ಲ ಅನ್ನುತ್ತದೆ, ವರ್ಗದ ಚಿಹ್ನೆ ² ಅನ್ನು ಅಂಕಿ ಎಂದು ಒಪ್ಪುತ್ತದೆ, ಇಂಟ್ ಅದನ್ನು ಒಪ್ಪುವುದಿಲ್ಲ. ‘ಇವ್ಯಾಲ್’ ಅಂತೂ ಬೇಡವೇ ಬೇಡ, ಒತ್ತಿದ್ದನ್ನೆಲ್ಲ ಕೋಡ್ ಎಂದು ಓಡಿಸಿಬಿಡುತ್ತದೆ.

ಹೆಜ್ಜೆ 3: ಸಿಕ್ಕ ಅಂಕಿ 1ಕ್ಕಿಂತ ಕಡಿಮೆಯಾದರೆ ಮತ್ತೆ ಕೇಳಿ, ಸರಿಯಿದ್ದರೆ ಮಾತ್ರ ‘ಬ್ರೇಕ್’ ಹಾಕಿ ಲೂಪಿನಿಂದ ಹೊರಬನ್ನಿ.

ಹೆಜ್ಜೆ 4: ಬೆಲೆಯಲ್ಲಿ ಪೈಸೆಯಿದ್ದರೆ ದಶಾಂಶಗಳ ಸಾಮಾನ್ಯ ಬಗೆಯಾದ ‘ಫ್ಲೋಟ್’ ಬೇಡ, 0.1ಕ್ಕೆ 0.2 ಕೂಡಿಸಿದರೆ ಅದು 0.30000000000000004 ಅನ್ನುತ್ತದೆ. ದಶಾಂಶವನ್ನು ಬರೆದಂತೆಯೇ ಇಟ್ಟುಕೊಳ್ಳುವ ‘ಡೆಸಿಮಲ್’ ಬಳಸಿ, ಒತ್ತಿದ ಸ್ಟ್ರಿಂಗನ್ನೇ ನೇರ ಕೊಡಿ. ಒಂದು ಎಚ್ಚರ: ತಪ್ಪು ಅಂಕಿಗೆ ಡೆಸಿಮಲ್ ಎಸೆಯುವುದು ‘ಇನ್‌ವ್ಯಾಲಿಡ್ ಆಪರೇಷನ್’, ವ್ಯಾಲ್ಯೂ ಎರರ್ ಅಲ್ಲ. ಎಕ್ಸೆಪ್ಟ್‌ನಲ್ಲಿ ಆ ಹೆಸರು ಹಾಕಿ.

ಮುಗಿದ ಮೇಲೆ ಖಾಲಿ ಎಂಟರ್, ‘60/-’, -2, 1,200 ಇಷ್ಟನ್ನೂ ಒತ್ತಿ ನೋಡಿ. ಮೊಬೈಲಿನ ಮರಾಠಿ ಕೀಬೋರ್ಡಿನಿಂದ ಬರುವ १२ ಬಗ್ಗೆ ಚಿಂತೆ ಬೇಡ. ಇಂಟ್ ಅದನ್ನೂ, ನಮ್ಮ ೧೨ ಅನ್ನೂ 12 ಎಂದೇ ಓದುತ್ತದೆ.