ಅಂಗಡಿಯ ಹಳೇ ಕಂಪ್ಯೂಟರಿಗೆ ರ‍್ಯಾಮ್, ಎಸ್‌ಎಸ್‌ಡಿ ಹಾಕಿದ ನನ್ನ ಅನುಭವ

ಗದಗಿನಲ್ಲಿ ನನ್ನದು ಡಿಟಿಪಿ ಅಂಗಡಿ. ಮದುವೆ ಸೀಸನ್ ಬಂತೆಂದರೆ ಲಗ್ನಪತ್ರಿಕೆಗಳದ್ದೇ ಕೆಲಸ. ಕಂಪ್ಯೂಟರ್ ಎಚ್61 ಎಂಬ ಹಳೇ ಮದರ್‌ಬೋರ್ಡಿನದು: ಮೂರನೇ ಜನರೇಶನ್ನಿನ ಐ3, 4 ಜಿಬಿ ರ‍್ಯಾಮ್ (ಕೆಲಸ ನಡೆಯುವಾಗ ಬೇಕಾದ್ದನ್ನು ಇಟ್ಟುಕೊಳ್ಳುವ ಮೆಮೊರಿ), 500 ಜಿಬಿ ಹಾರ್ಡ್ ಡಿಸ್ಕ್. ಕೋರೆಲ್‌ಡ್ರಾದಲ್ಲಿ ಫೋಟೊ ಇರುವ ಕಾರ್ಡ್, ಪಕ್ಕದಲ್ಲಿ ಫೋಟೊಶಾಪ್, ಬ್ರೌಸರಿನಲ್ಲಿ ವಾಟ್ಸ್ಯಾಪ್ ತೆರೆದರೆ ಮೌಸ್ ಕೂಡ ನಿಂತು ನಿಂತು ಓಡುತ್ತಿತ್ತು.

"ಇದಕ್ಕ್ಯಾಕ ರೊಕ್ಕ ಹಾಕ್ತೀರಿ ಸರ, ಹೊಸಾದು ತಗೋರಿ" ಎಂದರು ರಿಪೇರಿಯವರು. ನನಗೆ ಒಪ್ಪಿಗೆಯಾಗಲಿಲ್ಲ. ಏನು ಕಮ್ಮಿ ಬಿದ್ದಿದೆ ಅಂತ ಮೊದಲು ನೋಡಬೇಕು, ಅಲ್ವಾ? ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರುತ್ತದೆ. ಕೆಲಸ ಜೋರಾಗಿರುವಾಗಲೇ ಅದನ್ನು ತೆರೆದೆ. ಪ್ರೊಸೆಸರ್ ಆರಾಮಾಗಿತ್ತು. ಮೆಮೊರಿ ತುಂಬಿ ತುಳುಕುತ್ತಿತ್ತು. ಡಿಸ್ಕ್ 100 ಶೇಕಡಾದಲ್ಲೇ ನಿಂತಿತ್ತು.

ಈ ಎರಡಕ್ಕೂ ನಂಟಿದೆ. ರ‍್ಯಾಮ್ ತುಂಬಿದಾಗ ವಿಂಡೋಸ್ ಒಂದಿಷ್ಟು ಸಾಮಾನನ್ನು ಡಿಸ್ಕಿನಲ್ಲಿರುವ ಪೇಜ್ ಫೈಲಿಗೆ ಸಾಗಿಸುತ್ತದೆ, ಬೇಕಾದಾಗ ಮತ್ತೆ ತರುತ್ತದೆ. ಹಾರ್ಡ್ ಡಿಸ್ಕಿನ ತಟ್ಟೆ ನಿಮಿಷಕ್ಕೆ 7200 ಸುತ್ತು ತಿರುಗುತ್ತದೆ, ಅಂದರೆ ಒಂದು ಸುತ್ತಿಗೆ 8 ಮಿಲಿಸೆಕೆಂಡಿಗಿಂತ ಜಾಸ್ತಿ. ಅದರ ಮೇಲೆ ಹೆಡ್ ಜಾಗ ಹುಡುಕುವ ಹೊತ್ತು ಬೇರೆ. ಸಾವಿರಾರು ಚಿಕ್ಕ ಚಿಕ್ಕ ತುಣುಕು ಓದುವಾಗ ಇದೇ ಜೀವ ತಿನ್ನುವುದು.

ರೊಕ್ಕ ಬೇಡದ ಕೆಲಸ ಮೊದಲು. ಸ್ಟಾರ್ಟಪ್ ಪಟ್ಟಿಯಲ್ಲಿ ಸುಮ್ನೆ ಕೂತಿದ್ದ ಅಪ್‌ಡೇಟರ್‌ಗಳನ್ನೆಲ್ಲ ಬಂದ್ ಮಾಡಿದೆ. ರ‍್ಯಾಮ್ ಕ್ಲೀನರ್ ಎಂಬ ಸಾಫ್ಟ್‌ವೇರ್ ಮಾತ್ರ ಹಾಕಬೇಡಿ. ಅದು ರ‍್ಯಾಮಿನಲ್ಲಿದ್ದದ್ದನ್ನು ಹೊರಗೆ ತಳ್ಳುತ್ತದೆ, ಮರುಕ್ಷಣ ಅದನ್ನೇ ಡಿಸ್ಕಿನಿಂದ ಓದಬೇಕಾಗುತ್ತದೆ.

ಆಮೇಲೆ ರ‍್ಯಾಮ್. ಹುಬ್ಬಳ್ಳಿಗೆ ಹೋದಾಗ ಅದೇ ವೇಗದ ಇನ್ನೊಂದು 4 ಜಿಬಿ ಡಿಡಿಆರ್3 (ಈ ಬೋರ್ಡಿಗೆ ಕೂರುವ ಬಗೆ) ತಂದೆ. ಸಮನಾದ ಎರಡು ಇದ್ದರೆ ಡ್ಯುಯಲ್ ಚಾನೆಲ್, ಅಂದರೆ ಎರಡರಿಂದಲೂ ಒಟ್ಟಿಗೇ ಓದುವ ಅನುಕೂಲ, ಪೂರ್ತಿ ಸಿಗುತ್ತದೆ. ವಿಂಡೋಸ್ 64 ಬಿಟ್ಟಿನದಾ ನೋಡಿಕೊಳ್ಳಿ, 32 ಬಿಟ್ ಆದರೆ 4 ಜಿಬಿಗಿಂತ ಜಾಸ್ತಿ ಬಳಕೆಗೆ ಬರುವುದಿಲ್ಲ. ಕರೆಂಟ್ ವೈರ್ ಕಿತ್ತು, ಪವರ್ ಬಟನ್ ನಾಲ್ಕೈದು ಸೆಕೆಂಡ್ ಒತ್ತಿ ಹಿಡಿದೆ. ಕ್ಯಾಬಿನೆಟ್ಟಿನ ಲೋಹ ಮುಟ್ಟಿ ಮೈಯ ಸ್ಟ್ಯಾಟಿಕ್ ಇಳಿಸಿದೆ. ನಮ್ಮ ಕಡೆ ಧೂಳು ಜಾಸ್ತಿ. ಹಳೇ ರ‍್ಯಾಮಿನ ಬಂಗಾರದ ಬಣ್ಣದ ಕಾಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ತಿಕ್ಕಿದರೆ ಕಪ್ಪು ಹೊಲಸು ಬಂತು. ಸ್ಲಾಟಿನ ಕಚ್ಚಿಗೆ ಹೊಂದಿಸಿ, ಎರಡೂ ತುದಿ ಒತ್ತಿದಾಗ ಕ್ಲಿಪ್ ಟಕ್ಕೆಂದು ಕೂರಬೇಕು. ಡಿಡಿಆರ್4 ಇದಕ್ಕೆ ಕೂರುವುದೇ ಇಲ್ಲ, ಕಚ್ಚಿನ ಜಾಗವೇ ಬೇರೆ.

ನಿಜವಾದ ಬದಲಾವಣೆ ಕಂಡದ್ದು ಚಿಪ್ಪಿನಲ್ಲಿ ಫೈಲಿಡುವ ಡಿಸ್ಕಾದ 240 ಜಿಬಿ ಎಸ್‌ಎಸ್‌ಡಿ ಹಾಕಿದಾಗ. ಎಚ್61ರಲ್ಲಿ ಡಿಸ್ಕ್ ಜೋಡಿಸಲು ಇರುವುದು ಸೆಕೆಂಡಿಗೆ 3 ಗಿಗಾಬಿಟ್ಟಿನ ಸಾಟಾ. ಹಾಗಾಗಿ ಡಬ್ಬಿಯ ಮೇಲೆ ಬರೆದ ವೇಗದ ಅರ್ಧದಷ್ಟೇ ಸಿಗುತ್ತದೆ. ಆದರೂ ತಿರುಗುವ ತಟ್ಟೆ, ಓಡಾಡುವ ಹೆಡ್ ಇಲ್ಲವಲ್ಲ, ಅದೇ ದೊಡ್ಡ ಲಾಭ. ಬಯಾಸಿನಲ್ಲಿ (ಕಂಪ್ಯೂಟರ್ ಶುರುವಾಗುವಾಗ ತೆರೆಯುವ ಸೆಟ್ಟಿಂಗಿನಲ್ಲಿ) ಸಾಟಾ ಮೋಡನ್ನು ಈ ಡಿಸ್ಕಿಗೆ ಹೊಂದುವ ಎಎಚ್‌ಸಿಐಗೆ ಇಟ್ಟು, ಆಮೇಲೆ ವಿಂಡೋಸ್ ಹೊಸದಾಗಿ ಹಾಕಿದೆ. ಅದಕ್ಕೂ ಮುಂಚೆ ನುಡಿ ಫಾಂಟು, ಹಳೇ ಕಾರ್ಡುಗಳ ಫೈಲು ಎಲ್ಲ ಪೆನ್‌ಡ್ರೈವಿಗೆ ಹಾಕಿಕೊಂಡಿದ್ದೆ. ಒಂದು ಫಾಂಟ್ ಬಿಟ್ಟುಹೋದರೂ ಕಾರ್ಡಿನ ಅಕ್ಷರವೆಲ್ಲ ಚೆಲ್ಲಾಪಿಲ್ಲಿ.

ಹಳೇ ಡಿಸ್ಕನ್ನು ಫೈಲಿಡಲು ಒಳಗೇ ಬಿಟ್ಟೆ. ಆಗಾಗ ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ ಅದರ ಪೆಂಡಿಂಗ್ ಸೆಕ್ಟರ್, ಅಂದರೆ ಓದಲು ತೊಂದರೆ ಕೊಡುವ ಜಾಗಗಳ ಲೆಕ್ಕ, ನೋಡುತ್ತೇನೆ. ಏರಲು ಶುರುವಾದರೆ ಅವತ್ತೇ ಎಲ್ಲ ಬೇರೆ ಕಡೆ ನಕಲು ಮಾಡುವುದು ಒಳ್ಳೆಯದು.

ಈಗ ಗಿರಾಕಿ ಎದುರಿಗೆ ಕೂತು ಹೆಸರು ತಿದ್ದಿಸುವಾಗ ಫೈಲ್ ಕೂಡಲೇ ತೆರೆಯುತ್ತದೆ. ಫೋಟೊಶಾಪಿನ ಭಾರಿ ಫಿಲ್ಟರ್ ಮಾತ್ರ ಮೊದಲಿನಷ್ಟೇ ಹೊತ್ತು ತಿನ್ನುತ್ತದೆ, ಅದು ಪ್ರೊಸೆಸರಿನ ಕೆಲಸ. ಇನ್ನೊಂದು ವಿಷಯ: ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ (ಸುರಕ್ಷತೆಯ ಅಪ್‌ಡೇಟ್ ಸಮೇತ) 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ಈ ಪ್ರೊಸೆಸರ್ ವಿಂಡೋಸ್ 11ರ ಪಟ್ಟಿಯಲ್ಲಿಲ್ಲ. ಅದಕ್ಕೇ ಬ್ಯಾಂಕಿನ ಕೆಲಸ ಇದರಲ್ಲಿ ಮಾಡುವುದಿಲ್ಲ. ಇದು ಕಾರ್ಡಿಗೆ ಮಾತ್ರ.