ಬಿಳಿಕೋಲಿನ ಸುಳ್ಳು ಕಂಪನ ನಿಂತ ಬಗೆ: ನನ್ನ ಅನುಭವ

ಇಂಜಿನಿಯರಿಂಗ್ ಅಂತಿಮ ವರ್ಷದ ಯೋಜನೆಗಾಗಿ ನಾವು ನಾಲ್ವರು ಸೇರಿ, ಅಂಧರು ಬಳಸುವ ಬಿಳಿಕೋಲಿಗೆ ಅಲ್ಟ್ರಾಸಾನಿಕ್ ಸೆನ್ಸರ್ (ಶಬ್ದದ ಪ್ರತಿಧ್ವನಿಯಿಂದ ದೂರ ಅಳೆಯುವ ಸಾಧನ) ಮತ್ತು ಅಡ್ಡಿ ಎದುರಾದಾಗ ಕಂಪಿಸುವ ಪುಟ್ಟ ಮೋಟಾರು ಜೋಡಿಸಿದ್ದೆವು. ನೆಲದ ಕಲ್ಲು, ಗುಂಡಿಗಳನ್ನು ಕೋಲೇ ಪತ್ತೆಹಚ್ಚುತ್ತದೆ. ಬಾಗಿದ ಕೊಂಬೆ, ನಿಂತ ಲಾರಿಯ ಹಿಂಬದಿ ಮಾತ್ರ ಅದಕ್ಕೆ ತಾಗುವುದಿಲ್ಲ. ಐಐಟಿ ದೆಹಲಿಯ ಸ್ಮಾರ್ಟ್‌ಕೇನ್ ಕೂಡ ಈ ಕೊರತೆಯನ್ನೇ ನೀಗಿಸಲು ರೂಪುಗೊಂಡದ್ದು.

ಪ್ರಯೋಗಾಲಯದಲ್ಲಿ ಸರಿಯಾಗಿದ್ದ ಸಾಧನ, ಕೋಲು ಬಳಸುವ ಹಿರಿಯರೊಬ್ಬರ ಕೈಗೆ ಬಂದೊಡನೆ ಖಾಲಿ ಓಣಿಯಲ್ಲೂ ಬಿಡದೆ ಕಂಪಿಸತೊಡಗಿತು. “ಇದು ನನಗಿಂತ ಹೆಚ್ಚು ಹೆದರಿದೆಯಲ್ಲ” ಎಂದು ಅವರು ನಕ್ಕರು.

ಎರಡು ದಿನ ಪ್ರೋಗ್ರಾಮನ್ನೇ ಶಂಕಿಸಿ ಕಾಲ ಕಳೆದೆವು. ತಪ್ಪು ಇದ್ದದ್ದು ತಂತಿಯಲ್ಲಿ. ಕಂಪನದ ಮೋಟಾರನ್ನು ನೇರವಾಗಿ ಆರ್ಡುಯಿನೋ (ಪ್ರೋಗ್ರಾಮ್ ನಡೆಸುವ ಪುಟ್ಟ ನಿಯಂತ್ರಣ ಬೋರ್ಡ್) ಪಿನ್ನಿಗೆ ಕೊಟ್ಟಿದ್ದರಿಂದ, ಅದು ಚಾಲೂ ಆದಾಗಲೆಲ್ಲ ವೋಲ್ಟೇಜ್ ಕುಸಿದು, ಸೆನ್ಸರ್ ಇಲ್ಲದ ಅಡ್ಡಿಯನ್ನು ತೋರಿಸಿ, ಆ ಸುಳ್ಳು ಅಳತೆಯೇ ಮೋಟಾರನ್ನು ಮತ್ತೆ ತಿರುಗಿಸುತ್ತಿತ್ತು. ಆ ಪಿನ್ನಿನ ಗರಿಷ್ಠ ಮಿತಿ 40 ಮಿಲಿಆಂಪಿಯರ್ ಎಂಬುದನ್ನು ಮೊದಲೇ ಓದಬೇಕಿತ್ತು. ಮೋಟಾರಿನ ಕರೆಂಟನ್ನು ಪಿನ್ನಿನ ಬದಲು ಹೊರಲು ಟ್ರಾನ್ಸಿಸ್ಟರ್, ಮೋಟಾರು ನಿಂತಾಗ ಏಳುವ ವೋಲ್ಟೇಜನ್ನು ತಡೆಯಲು ಮೋಟಾರಿನ ಎರಡು ತುದಿಗಳಿಗೆ ಡಯೋಡ್, ವೋಲ್ಟೇಜ್ ಕುಸಿಯದಂತೆ ಸೆನ್ಸರಿನ ಪೂರೈಕೆಗೆ 100 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದ ಮೇಲೆ ಕಂಪನ ಬಹುಮಟ್ಟಿಗೆ ಹತೋಟಿಗೆ ಬಂತು.

ಉಳಿದ ಬಿಡಿ ತಪ್ಪುಗಳಿಗಾಗಿ ಐದು ಅಳತೆಗಳನ್ನು ಏರಿಕೆಯ ಕ್ರಮದಲ್ಲಿಟ್ಟು ಸರಿಯಾಗಿ ಮಧ್ಯದಲ್ಲಿರುವ ಬೆಲೆಯನ್ನು ಆಯ್ದೆವು. ಪ್ರತಿ ಅಳತೆಗೂ 60 ಮಿಲಿಸೆಕೆಂಡ್ ಬೇಕಿದ್ದುದರಿಂದ ಒಟ್ಟು 300 ಮಿಲಿಸೆಕೆಂಡ್ ಹಿಡಿಯುತ್ತಿತ್ತು. ಸೆಕೆಂಡಿಗೆ ಒಂದು ಮೀಟರ್ ನಡೆಯುವವರು ಅಷ್ಟರಲ್ಲಿ 30 ಸೆಂಟಿಮೀಟರ್ ಮುಂದೆ ಹೋಗಿರುತ್ತಾರೆ. ಆದ್ದರಿಂದ ಮೂರು ಅಳತೆಗೇ ಇಳಿಸಿದೆವು. ಮರುವಾರ ಅದೇ ಓಣಿಯಲ್ಲಿ ಕೋಲು ಒಮ್ಮೆ ಮಾತ್ರ ಕಂಪಿಸಿತು, ಗೇಟಿನಿಂದ ಹೊರಚಾಚಿದ್ದ ದಾಸವಾಳದ ಕೊಂಬೆಗೆ.