ಸಿಗ್ನಲ್ ಹೋಗುವ ಮೊದಲೇ ಕರೆ ತಿರುಗಬೇಕು: ಲೊಕೇಶನ್ ನೋಡಿ ಮೊಬೈಲ್ ಕರೆಗಳನ್ನು ನಡೆಸುವ ಬಗೆ

ನೆಲಮಾಳಿಗೆಯ ಕಚೇರಿ, ದಪ್ಪ ಗೋಡೆಯ ಪ್ರಯೋಗಾಲಯ, ತಗಡಿನ ಛಾವಣಿಯ ಗೋದಾಮು. ಇಂಥ ಕಡೆ ಒಳಗೆ ಕಾಲಿಟ್ಟರೆ ಟವರ್ ಸಿಗುವುದಿಲ್ಲ, ಹೊರಗೆ ಬಂದೊಡನೆ ತಪ್ಪಿದ ಕರೆಗಳ ಸಂದೇಶಗಳು ಸಾಲುಗಟ್ಟಿ ಬೀಳುತ್ತವೆ. ಇನ್ನು ಕೆಲವು ಕಡೆ ಸಿಗ್ನಲ್ ತುಂಬಿ ತುಳುಕುತ್ತಿರುತ್ತದೆ, ಆದರೆ ಫೋನ್ ರಿಂಗಾಗಬಾರದು. ತಾನು ಎಲ್ಲಿದ್ದೇನೆ ಎಂಬುದು ಫೋನಿಗೆ ಗೊತ್ತಿರುವುದರಿಂದ ಈ ಎರಡು ಕೆಲಸವನ್ನೂ ಅದಕ್ಕೇ ವಹಿಸಬಹುದು. ಆದರೆ ಹೆಚ್ಚಿನವರು ಎಡವುವುದು ಒಂದೇ ಜಾಗದಲ್ಲಿ.

ಕರೆಯನ್ನು ಬೇರೆ ನಂಬರಿಗೆ ತಿರುಗಿಸುವ ಆದೇಶ ಫೋನಿನಲ್ಲಿ ಉಳಿಯುವುದಿಲ್ಲ. ಅದು ಆಪರೇಟರ್‌ನ ನೆಟ್‌ವರ್ಕ್‌ಗೆ ಹೋಗಿ ನಿಮ್ಮ ನಂಬರಿನ ಲೆಕ್ಕದಲ್ಲಿ ದಾಖಲಾಗುತ್ತದೆ. ಅಂದರೆ ಆದೇಶ ಕಳಿಸುವ ಹೊತ್ತಿಗೆ ಫೋನಿನಲ್ಲಿ ಸಿಗ್ನಲ್ ಇರಲೇಬೇಕು. ಕಟ್ಟಡದ ನಡುವೆ ಪಿನ್ ಇಟ್ಟು ಸುತ್ತ 50 ಮೀಟರ್ ವೃತ್ತ ಎಳೆದರೆ, ‘ಬಂದು ತಲುಪಿದೆ’ ಎಂದು ಫೋನಿಗೆ ಗೊತ್ತಾಗುವಷ್ಟರಲ್ಲಿ ನೀವು ಲಿಫ್ಟ್ ಇಳಿದು ನೆಲಮಾಳಿಗೆಯಲ್ಲಿರುತ್ತೀರಿ. ಆದೇಶ ಹೊರಡುವುದೇ ಇಲ್ಲ.

ಲೊಕೇಶನ್ ಇಲ್ಲದೆಯೇ ಆಗುವ ಕೆಲಸ ಮೊದಲು

ಸಿಗ್ನಲ್ ಇಲ್ಲದ ಜಾಗದ ತೊಂದರೆಗೆ ಅರ್ಧ ಪರಿಹಾರ ನೆಟ್‌ವರ್ಕ್‌ನಲ್ಲೇ ಇದೆ. ಡಯಲ್ ಮಾಡುವ ಕಡೆ ಈ ಕೋಡ್‌ಗಳನ್ನು ಒತ್ತಿ ಕರೆ ಬಟನ್ ಒತ್ತಿದರೆ ಸಾಕು:

- `**62*ನಂಬರ್#` ಫೋನ್ ಸಂಪರ್ಕಕ್ಕೆ ಸಿಗದಿದ್ದರೆ ಮಾತ್ರ ತಿರುಗಿಸು
- `**67*ನಂಬರ್#` ಬೇರೆ ಕರೆಯಲ್ಲಿದ್ದರೆ ತಿರುಗಿಸು
- `**61*ನಂಬರ್**20#` 20 ಸೆಕೆಂಡ್ ರಿಂಗಾದರೂ ಎತ್ತದಿದ್ದರೆ ತಿರುಗಿಸು. ಕಾಲಾವಧಿ 5ರಿಂದ 30ರವರೆಗೆ, ಐದೈದರ ಹೆಜ್ಜೆಯಲ್ಲಿ
- `**21*ನಂಬರ್#` ಎಲ್ಲ ಕರೆಗಳನ್ನೂ, ಯಾವ ಷರತ್ತೂ ಇಲ್ಲದೆ, ತಿರುಗಿಸು
- `##002#` ಎಲ್ಲವನ್ನೂ ಅಳಿಸು

ಕೋಡಿನ ಆರಂಭದಲ್ಲಿರುವ ಚಿಹ್ನೆಗಳ ಅರ್ಥ ಗೊತ್ತಿದ್ದರೆ ಬಾಯಿಪಾಠ ಬೇಕಾಗಿಲ್ಲ. ಎರಡು ನಕ್ಷತ್ರ ಅಂದರೆ ನಂಬರ್ ದಾಖಲಿಸಿ ಚಾಲೂ ಮಾಡು. ಒಂದು ನಕ್ಷತ್ರ ಅಂದರೆ ಈಗಾಗಲೇ ದಾಖಲಾಗಿರುವುದನ್ನು ಚಾಲೂ ಮಾಡು. ಒಂದು ಹ್ಯಾಶ್ ನಿಲ್ಲಿಸುತ್ತದೆ, ಎರಡು ಹ್ಯಾಶ್ ನಂಬರನ್ನೇ ಅಳಿಸುತ್ತದೆ. ನಕ್ಷತ್ರ ಮತ್ತು ಹ್ಯಾಶ್ ಒಟ್ಟಿಗಿದ್ದರೆ ಅದು ವಿಚಾರಣೆ. `*#62#` ಒತ್ತಿದರೆ ಈಗಿನ ಸ್ಥಿತಿ ತೆರೆಯ ಮೇಲೆ ಬರುತ್ತದೆ. ನಂಬರನ್ನು ದೇಶದ ಕೋಡ್ ಸಮೇತ ಕೊಡಿ. ಎಲ್ಲ ಆಪರೇಟರ್‌ಗಳೂ ಎಲ್ಲ ಕೋಡ್‌ಗಳನ್ನೂ ಒಪ್ಪುವುದಿಲ್ಲ. ಕೋಡ್ ತಿರಸ್ಕೃತವಾದರೆ ಫೋನ್ ಆ್ಯಪಿನ ಕರೆ ಸೆಟ್ಟಿಂಗ್ಸ್‌ನಲ್ಲಿರುವ ಕಾಲ್ ಫಾರ್ವರ್ಡಿಂಗ್ ಪುಟದಲ್ಲಿ ಅದೇ ಕೆಲಸ ಮಾಡಿ ನೋಡಿ.

ನೆಲಮಾಳಿಗೆಯ ಸ್ಥಿರ ದೂರವಾಣಿಗೋ ಸಹೋದ್ಯೋಗಿಯ ನಂಬರಿಗೋ 62ನೇ ಕೋಡ್ ಒಮ್ಮೆ ಹಾಕಿಟ್ಟರೆ, ಅನೇಕರಿಗೆ ಲೊಕೇಶನ್ ಗೊಡವೆಯೇ ಬೇಕಾಗುವುದಿಲ್ಲ. ಹಾಕುವ ಮುನ್ನ ಮೂರು ವಿಷಯ ತಿಳಿದಿರಲಿ. ತಿರುಗಿದ ಕರೆಯ ಎರಡನೇ ಭಾಗದ ಖರ್ಚು ಸಾಮಾನ್ಯವಾಗಿ ತಿರುಗಿಸಿದವರ ಲೆಕ್ಕಕ್ಕೆ ಬೀಳುತ್ತದೆ. ತಿರುಗುವುದು ಧ್ವನಿ ಕರೆ ಮಾತ್ರ, ಎಸ್‌ಎಂಎಸ್ ಅಲ್ಲ. ಇನ್ನೊಂದು, ಕರೆ ಮಾಡಿ ಹೇಳುವ ಒಟಿಪಿ ಕೂಡ ತಿರುಗಿದ ನಂಬರಿಗೇ ಹೋಗುತ್ತದೆ. ಅಪರಿಚಿತರು ‘ಈ ಕೋಡ್ ಒತ್ತಿ’ ಎಂದು 21 ಇರುವ ಯಾವುದನ್ನಾದರೂ ಹೇಳಿಕೊಟ್ಟರೆ ಅದರ ಹಿಂದಿನ ಲೆಕ್ಕಾಚಾರ ಇದೇ.

62ನೇ ಕೋಡಿಗೆ ಒಂದು ಕುಂದು ಇದೆ. ಸಿಗ್ನಲ್ ದಿಢೀರನೆ ಕಡಿದಾಗ ಅದು ನೆಟ್‌ವರ್ಕ್‌ಗೆ ಗೊತ್ತಾಗುವುದಿಲ್ಲ. ಫೋನ್ ಕೊನೆಯದಾಗಿ ಕಂಡ ಪ್ರದೇಶದಲ್ಲೇ ಇದೆ ಎಂದು ನಂಬಿ ಅದು ಅಲ್ಲಿನ ಟವರ್‌ಗಳಿಂದ ಕೂಗಿ ಹುಡುಕುತ್ತದೆ. ಆ ಹೊತ್ತು ಕರೆ ಮಾಡಿದವರಿಗೆ ಕಿವಿಯಲ್ಲಿ ಬರೀ ಮೌನ, ಕೆಲವು ಸೆಕೆಂಡ್‌ಗಳಾದ ಮೇಲಷ್ಟೇ ಕರೆ ತಿರುಗುತ್ತದೆ. ಎಲ್‌ಟಿಇಯಲ್ಲಿ (ಅಂದರೆ 4ಜಿ) ಫೋನ್ ತನ್ನ ಇರುವಿಕೆಯನ್ನು ವರದಿ ಮಾಡುವ ಮೂಲ ಅವಧಿ 54 ನಿಮಿಷ, ಆದ್ದರಿಂದ ಈ ತಪ್ಪು ನಂಬಿಕೆ ಸಾಕಷ್ಟು ಹೊತ್ತು ಉಳಿಯಬಹುದು. ಏರೋಪ್ಲೇನ್ ಮೋಡ್ ಹಾಕಿದರೆ ಕತೆ ಬೇರೆ: ಫೋನ್ ಹೊರಡುವ ಮೊದಲು ‘ನಾನು ಹೊರಟೆ’ ಎಂದು ನೆಟ್‌ವರ್ಕ್‌ಗೆ ಹೇಳಿಯೇ ಹೊರಡುತ್ತದೆ, ಕರೆಗಳು ತಡವಿಲ್ಲದೆ ತಿರುಗುತ್ತವೆ. ಸಿಗ್ನಲ್ ಇರುವ ಕೊನೆಯ ಜಾಗದಲ್ಲಿ ಏರೋಪ್ಲೇನ್ ಮೋಡ್ ತಾನಾಗಿ ಬೀಳುವಂತೆ ಮಾಡುವುದು ಲೊಕೇಶನ್ನಿನ ಅತ್ಯುತ್ತಮ ಬಳಕೆಗಳಲ್ಲಿ ಒಂದು. ಬ್ಯಾಟರಿಯೂ ಉಳಿಯುತ್ತದೆ, ಏಕೆಂದರೆ ಟವರ್ ದುರ್ಬಲವಾದಷ್ಟೂ ಫೋನ್ ಹೆಚ್ಚು ಶಕ್ತಿ ಸುರಿದು ಕೂಗುತ್ತಿರುತ್ತದೆ.

ಬೇಲಿ ಎಲ್ಲಿ ಹಾಕಬೇಕು

ನಕ್ಷೆಯ ಮೇಲೆ ಎಳೆಯುವ ವೃತ್ತಕ್ಕೆ ಜಿಯೋಫೆನ್ಸ್ ಎನ್ನುತ್ತಾರೆ. ಅದರ ನಡು ನೀವು ಹೋಗುವ ಕೋಣೆಯಾಗಿರಬೇಕಿಲ್ಲ. ಅಂಚು ಎಲ್ಲಿ ಬೀಳುತ್ತದೆ ಎಂಬುದೇ ಮುಖ್ಯ.

ಮೊದಲು ಅಳೆಯಿರಿ. ಆಂಡ್ರಾಯ್ಡ್‌ನಲ್ಲಿ ‘ಅಬೌಟ್ ಫೋನ್’ ಒಳಗಿನ ಸಿಮ್ ಸ್ಟೇಟಸ್ ಪುಟ ಸಿಗ್ನಲ್ಲನ್ನು ಡಿಬಿಎಂ ಎಂಬ ಅಳತೆಯಲ್ಲಿ ತೋರಿಸುತ್ತದೆ; ಅಂಕಿ ಸೊನ್ನೆಗೆ ಹತ್ತಿರವಾದಷ್ಟೂ ಸಿಗ್ನಲ್ ಬಲವಾಗಿರುತ್ತದೆ. ಐಫೋನ್‌ನಲ್ಲಿ `*3001#12345#*` ಒತ್ತಿ ಕರೆ ಮಾಡಿದರೆ ಫೀಲ್ಡ್ ಟೆಸ್ಟ್ ತೆರೆಯುತ್ತದೆ. ಕಡ್ಡಿಗಳನ್ನು ನಂಬಬೇಡಿ, ಒಂದೊಂದು ಫೋನ್ ಒಂದೊಂದು ರೀತಿ ತೋರಿಸುತ್ತದೆ. ಎಲ್‌ಟಿಇಯಲ್ಲಿ -90 ಅಥವಾ ಅದಕ್ಕಿಂತ ಮೇಲಿದ್ದರೆ ನಿಶ್ಚಿಂತೆ, -105ಕ್ಕಿಂತ ಕೆಳಗಿಳಿದರೆ ಮಾತು ಒಡೆಯಲು ಶುರು, -115ರ ಹೊತ್ತಿಗೆ ಕರೆ ಕಡಿಯುವುದು ಮಾಮೂಲಿ. ದಿನವೂ ಬರುವ ದಾರಿಯಲ್ಲೇ ನಡೆದು, -105 ಆಗುವ ಜಾಗವನ್ನು ಗುರುತಿಸಿಕೊಳ್ಳಿ.

ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ. ಬ್ಯಾಟರಿ ಉಳಿಸಲು ಫೋನ್ ಸದಾ ಜಿಪಿಎಸ್ ಓಡಿಸುವುದಿಲ್ಲ, ವೈಫೈ ಮತ್ತು ಟವರ್ ನೋಡಿ ಆಗಾಗ ಅಂದಾಜು ಮಾಡುತ್ತದೆ. ಆಂಡ್ರಾಯ್ಡ್ 8ರಿಂದ ಈಚೆಗೆ ಗಡಿ ದಾಟಿದ ಸುದ್ದಿ ಆ್ಯಪಿಗೆ ಮುಟ್ಟಲು ಎರಡು ಮೂರು ನಿಮಿಷ ಹಿಡಿಯುವುದು ಸಹಜ. ಫೋನ್ ಬಹಳ ಹೊತ್ತು ಅಲುಗಾಡದೆ ಇದ್ದರೆ ಆರು ನಿಮಿಷದವರೆಗೂ ಆಗಬಹುದು. ಮೂರು ನಿಮಿಷ ಎಂದು ಹಿಡಿದರೆ, ನಡೆದು ಬರುವವರು ಅಷ್ಟರಲ್ಲಿ ಸುಮಾರು 250 ಮೀಟರ್ ಸಾಗಿರುತ್ತಾರೆ. ಗಂಟೆಗೆ 40 ಕಿ.ಮೀ. ವೇಗದ ವಾಹನ 2 ಕಿ.ಮೀ. ದಾಟಿರುತ್ತದೆ. ಆದ್ದರಿಂದ ನಡಿಗೆಗೆ 300 ಮೀಟರ್, ವಾಹನಕ್ಕೆ 2 ಕಿ.ಮೀ. ಮುಂಚೆ ಅಂಚು ಬೀಳಬೇಕು. ಏನೇ ಆದರೂ ತ್ರಿಜ್ಯ 150 ಮೀಟರ್‌ಗಿಂತ ಕಡಿಮೆ ಬೇಡ. ವೈಫೈ ಮೂಲಕ ಸಿಗುವ ನಿಖರತೆಯೇ 20ರಿಂದ 50 ಮೀಟರ್, ಬರೀ ಟವರ್ ಆದರೆ ನೂರಾರು ಮೀಟರ್ ಆಚೀಚೆ ಆಗುತ್ತದೆ. ಚಿಕ್ಕ ವೃತ್ತ ಹಾಕಿದರೆ ಫೋನ್ ಮೇಜಿನ ಮೇಲಿದ್ದಂತೆಯೇ ‘ಹೊರಗೆ ಹೋದೆ, ಒಳಗೆ ಬಂದೆ’ ಎಂದು ಜಿಗಿದಾಡುತ್ತದೆ.

2 ಕಿ.ಮೀ. ವೃತ್ತ ಅತಿಯಾಯಿತು ಎನಿಸುವುದು ಸಹಜ. ಆಗ ನಕ್ಷೆ ಬಿಟ್ಟು ಕಟ್ಟಡದ ಬಾಗಿಲ ಬಳಿ ಸಿಗುವ ವೈಫೈ ಹೆಸರನ್ನೇ ಗುರುತಾಗಿ ಬಳಸಿ. ಸಿಗ್ನಲ್ ಇರುವ ಕಡೆಯೇ ಆ ವೈಫೈಗೆ ಫೋನ್ ಅಂಟಿಕೊಂಡರೆ ಸೆಕೆಂಡ್‌ಗಳಲ್ಲಿ ಕೆಲಸ ಶುರುವಾಗುತ್ತದೆ. ಒಳಾಂಗಣಕ್ಕೆ ಜಿಯೋಫೆನ್ಸ್‌ಗಿಂತ ಇದೇ ವಾಸಿ. ಗಮನಿಸಿ, ವೈಫೈ ಹೆಸರನ್ನು ಓದಲು ಕೂಡ ಆಂಡ್ರಾಯ್ಡ್ ಲೊಕೇಶನ್ ಅನುಮತಿ ಕೇಳುತ್ತದೆ. ಹೆಸರು ಗೊತ್ತಾದರೆ ಜಾಗ ಗೊತ್ತಾದಂತೆಯೇ.

ಆಂಡ್ರಾಯ್ಡ್‌ನಲ್ಲಿ

ಫೋನಿನ ಕೆಲಸಗಳನ್ನು ತಾನಾಗಿ ಮಾಡಿಸುವ ಆ್ಯಪ್ ಬೇಕು: ಮ್ಯಾಕ್ರೋಡ್ರಾಯ್ಡ್ ಅಥವಾ ಟಾಸ್ಕರ್, ಯಾವುದಾದರೂ ಸರಿ. ಹೊಸಬರಿಗೆ ಮೊದಲನೆಯದು ಸುಲಭ.

1. ಆ್ಯಪಿನ ಲೊಕೇಶನ್ ಅನುಮತಿಯನ್ನು ‘ಸದಾ ಅನುಮತಿಸು’ ಎಂದೇ ಇಡಿ. ಆ್ಯಪ್ ತೆರೆದಾಗ ಕೇಳುವ ಪೆಟ್ಟಿಗೆಯಲ್ಲಿ ಈ ಆಯ್ಕೆ ಹೊಸ ಆವೃತ್ತಿಗಳಲ್ಲಿ ಸಿಗುವುದಿಲ್ಲ, ಸೆಟ್ಟಿಂಗ್ಸ್‌ಗೆ ಹೋಗಿಯೇ ಕೊಡಬೇಕು. ನಿಖರ ಲೊಕೇಶನ್ ಸ್ವಿಚ್ ಕೂಡ ಆನ್ ಇರಲಿ.
2. ಬ್ಯಾಟರಿ ಪುಟದಲ್ಲಿ ಆ್ಯಪಿಗೆ ಮಿತಿ ಇಲ್ಲದಂತೆ ಮಾಡಿ. ಲೊಕೇಶನ್ ಸೆಟ್ಟಿಂಗ್ಸ್‌ನಲ್ಲಿ ವೈಫೈ ಸ್ಕ್ಯಾನಿಂಗ್ ಆನ್ ಮಾಡಿ.
3. ಟ್ರಿಗರ್ (ಕೆಲಸವನ್ನು ಶುರುಮಾಡಿಸುವ ಘಟನೆ) ಆಗಿ ಜಿಯೋಫೆನ್ಸ್ ಪ್ರವೇಶ ಅಥವಾ ವೈಫೈ ಸಂಪರ್ಕ ಆರಿಸಿ.
4. ಕೆಲಸವಾಗಿ ಕರೆ ಮಾಡುವುದನ್ನು ಆರಿಸಿ, ನಂಬರ್ ಜಾಗದಲ್ಲಿ 21ನೇ ಕೋಡ್ ಬರೆಯಿರಿ. ಎರಡು ಸಿಮ್ ಇದ್ದರೆ ಯಾವ ಸಿಮ್ ಎಂಬುದನ್ನು ಇಲ್ಲೇ ನಿಗದಿ ಮಾಡಿ. ಇಲ್ಲದಿದ್ದರೆ ಫೋನ್ ಜೇಬಿನಲ್ಲಿ ‘ಯಾವ ಸಿಮ್?’ ಎಂದು ಕೇಳುತ್ತಾ ಕೂತಿರುತ್ತದೆ.
5. ಹೊರಹೋಗುವಾಗಿನ ಮ್ಯಾಕ್ರೋ (ಟ್ರಿಗರ್ ಮತ್ತು ಕೆಲಸದ ಜೋಡಿ) ಬೇರೆಯಾಗಿ ಮಾಡಿ, ಅದರಲ್ಲಿ `#21#` ಹಾಕಿ. ಎರಡು ಹ್ಯಾಶ್ ಬೇಡ. ಒಂದೇ ಹಾಕಿದರೆ ನಂಬರ್ ದಾಖಲೆಯಲ್ಲಿ ಉಳಿಯುತ್ತದೆ, ಮರುದಿನ ಬರೀ `*21#` ಸಾಕು.

ನಾಲ್ಕನೇ ಹೆಜ್ಜೆಯಲ್ಲಿ ಕೋಡ್ ಹೋಗದೆ ಮಾಮೂಲಿ ಕರೆಯಂತೆ ಏನೋ ಡಯಲ್ ಆಗುತ್ತಿದ್ದರೆ, ಕೊನೆಯ ಹ್ಯಾಶ್ ಕಳೆದುಹೋಗಿದೆ ಎಂದರ್ಥ. ವಿಳಾಸದ ರೂಪದಲ್ಲಿ ನಂಬರ್ ಕಳಿಸುವಾಗ ಹ್ಯಾಶ್‌ಗೆ ಬೇರೆ ಅರ್ಥ ಇರುವುದರಿಂದ ಅದನ್ನು `%23` ಎಂದು ಬರೆಯಬೇಕು: `*21%23`. ಅರ್ಧ ದಿನ ತಲೆ ಕೆಡಿಸುವ ತಪ್ಪು ಇದೊಂದೇ.

ಹೊರಬರುವ ಮ್ಯಾಕ್ರೋದಲ್ಲಿ ಕೋಡಿಗೆ ಮುಂಚೆ 60ರಿಂದ 90 ಸೆಕೆಂಡ್ ಕಾಯುವಿಕೆ ಇರಲಿ. ಹೊರಗೆ ಬಂದ ತಕ್ಷಣ ಫೋನ್ ಇನ್ನೂ ಟವರ್ ಹುಡುಕುತ್ತಿರುತ್ತದೆ, ಆಗ ಕಳಿಸಿದ ಕೋಡ್ ಬಿದ್ದುಹೋಗುತ್ತದೆ. 21ನೇ ಕೋಡ್ ರದ್ದಾಗದೆ ಉಳಿದರೆ ಫೋನ್ ರಿಂಗಾಗುವುದೇ ಇಲ್ಲ, ನಿಮಗೆ ಅನುಮಾನವೂ ಬರುವುದಿಲ್ಲ. ಹಾಗಾಗಿ ದಿನದ ಕೊನೆಗೆ ಒಂದು ನಿಶ್ಚಿತ ಹೊತ್ತಿನಲ್ಲಿ `#21#` ಮತ್ತೊಮ್ಮೆ ಹೋಗುವಂತೆ ಮೂರನೇ ಮ್ಯಾಕ್ರೋ ಇಡುವುದು ನಮ್ಮ ಪ್ರಕಾರ ಕಡ್ಡಾಯ.

ಏರೋಪ್ಲೇನ್ ಮೋಡ್ ಹಾದಿ ಬೇಕೆಂದರೆ ಇಲ್ಲೊಂದು ತೊಡಕು. ಆಂಡ್ರಾಯ್ಡ್ 4.2ರಿಂದ ಸಾಮಾನ್ಯ ಆ್ಯಪ್‌ಗಳು ಅದನ್ನು ಬದಲಿಸುವಂತಿಲ್ಲ. ಕಂಪ್ಯೂಟರಿಗೆ ಜೋಡಿಸಿ ಎಡಿಬಿ ಎಂಬ ತಂತ್ರಾಂಶದ ಮೂಲಕ ಆ್ಯಪಿಗೆ ವಿಶೇಷ ಅನುಮತಿ ಕೊಡಬೇಕಾಗುತ್ತದೆ.

ಐಫೋನ್‌ನಲ್ಲಿ

ಇಲ್ಲಿ ಉಲ್ಟಾ. ನಕ್ಷತ್ರ, ಹ್ಯಾಶ್ ಇರುವ ನಂಬರುಗಳನ್ನು ಆ್ಯಪ್‌ಗಳು ಕೊಂಡಿಯ ಮೂಲಕ ಡಯಲ್ ಮಾಡಿಸಲು ಆ್ಯಪಲ್ ಬಿಡುವುದಿಲ್ಲ, ಆದ್ದರಿಂದ ಫಾರ್ವರ್ಡಿಂಗ್ ಅನ್ನು ಲೊಕೇಶನ್‌ಗೆ ಕಟ್ಟುವ ಆಸೆ ಬಿಡಿ. ಆದರೆ ಏರೋಪ್ಲೇನ್ ಮೋಡ್ ಬದಲಿಸುವುದು ಶಾರ್ಟ್‌ಕಟ್ಸ್ ಆ್ಯಪಿನಲ್ಲೇ ಇದೆ. 62ನೇ ಕೋಡನ್ನು ಕೈಯಾರೆ ಒಮ್ಮೆ ಒತ್ತಿಡಿ. ನಂತರ ಶಾರ್ಟ್‌ಕಟ್ಸ್‌ನ ಆಟೊಮೇಶನ್ ಪುಟದಲ್ಲಿ ‘ಅರೈವ್’ ಆರಿಸಿ, ಜಾಗ ಮತ್ತು ತ್ರಿಜ್ಯ ಕೊಟ್ಟು, ಏರೋಪ್ಲೇನ್ ಮೋಡ್ ಆನ್ ಸೇರಿಸಿ, ಅದರ ಬೆನ್ನಿಗೇ ವೈಫೈ ಆನ್ ಸೇರಿಸಿ. ‘ಲೀವ್’ಗೆ ಇದರ ವಿರುದ್ಧ. ಕೇಳದೆಯೇ ತಕ್ಷಣ ಓಡಿಸುವ ಆಯ್ಕೆ ಇದ್ದರೆ ಅದನ್ನೇ ಇಡಿ.

ವೈಫೈ ಆನ್ ಏಕೆ ಎಂದರೆ, ಏರೋಪ್ಲೇನ್ ಮೋಡ್‌ನಲ್ಲಿ ಟವರ್ ಆಧಾರದ ಅಂದಾಜು ನಿಂತುಹೋಗುತ್ತದೆ. ವೈಫೈಯೂ ಇಲ್ಲದಿದ್ದರೆ ನೀವು ಹೊರಬಂದದ್ದು ಫೋನಿಗೆ ಬಹಳ ತಡವಾಗಿ ತಿಳಿಯುತ್ತದೆ, ಅಲ್ಲಿಯವರೆಗೆ ಅದು ಮೌನವಾಗಿಯೇ ಇರುತ್ತದೆ. ಆಂಡ್ರಾಯ್ಡ್‌ಗೂ ಇದೇ ಮಾತು ಅನ್ವಯ.

ಒಳಗೆ ವೈಫೈ ಇದ್ದರೆ

ಆಪರೇಟರ್ ವೈಫೈ ಕಾಲಿಂಗ್ ಕೊಡುತ್ತಿದ್ದರೆ ತಿರುಗಿಸುವ ರಗಳೆಯೇ ಬೇಡ. ಮೇಲಿನಂತೆ ಏರೋಪ್ಲೇನ್ ಮೋಡ್ ಹಾಕಿ ವೈಫೈ ಉಳಿಸಿದರೆ ಫೋನ್ ಕರೆಗಳನ್ನು ವೈಫೈಯಲ್ಲೇ ತೆಗೆದುಕೊಳ್ಳುತ್ತದೆ, ನಿಮ್ಮ ನಂಬರೇ ರಿಂಗಾಗುತ್ತದೆ. ಹಾಗೆ ಮಾಡದೆ ಬಿಟ್ಟರೆ -115ರ ಸುತ್ತ ಅಲೆಯುವ ಫೋನ್ ಟವರ್ರೋ ವೈಫೈಯೋ ಎಂದು ತೀರ್ಮಾನಿಸಲಾರದೆ ಕರೆ ಕಳೆದುಕೊಳ್ಳುತ್ತದೆ. ಕಚೇರಿಯ ವೈಫೈಯಲ್ಲಿ ಇಂಟರ್ನೆಟ್ ಚೆನ್ನಾಗಿದ್ದೂ ವೈಫೈ ಕಾಲಿಂಗ್ ಚಿಹ್ನೆ ಬರದಿದ್ದರೆ, ಯುಡಿಪಿ 500 ಮತ್ತು 4500ನೇ ಪೋರ್ಟ್‌ಗಳನ್ನು ಫೈರ್‌ವಾಲ್ ಮುಚ್ಚಿರುವ ಸಾಧ್ಯತೆ ಹೆಚ್ಚು. ನೆಟ್‌ವರ್ಕ್ ನೋಡಿಕೊಳ್ಳುವವರಿಗೆ ಈ ಎರಡು ಸಂಖ್ಯೆ ಹೇಳಿದರೆ ಸಾಕು.

ರಿಂಗಾಗಬಾರದ ಜಾಗ

ಇದಕ್ಕೆ ನೆಟ್‌ವರ್ಕ್ ಮುಟ್ಟಬೇಡಿ. ಐಫೋನ್‌ನ ಫೋಕಸ್‌ಗೆ ಲೊಕೇಶನ್ ವೇಳಾಪಟ್ಟಿ ಸೇರಿಸಬಹುದು; ಆಂಡ್ರಾಯ್ಡ್‌ನಲ್ಲಿ ಅದೇ ಮ್ಯಾಕ್ರೋ ಡು ನಾಟ್ ಡಿಸ್ಟರ್ಬ್ ಆನ್ ಮಾಡಲಿ. ಮತ್ತೆ ಮತ್ತೆ ಕರೆ ಮಾಡುವವರನ್ನು ಒಳಬಿಡುವ ಆಯ್ಕೆಯನ್ನು ತಪ್ಪದೆ ಆನ್ ಮಾಡಿ: ಐಫೋನ್‌ನಲ್ಲಿ ಮೂರು ನಿಮಿಷದೊಳಗೆ, ಆಂಡ್ರಾಯ್ಡ್‌ನಲ್ಲಿ 15 ನಿಮಿಷದೊಳಗೆ ಅದೇ ವ್ಯಕ್ತಿ ಎರಡನೇ ಸಲ ಕರೆದರೆ ಫೋನ್ ರಿಂಗಾಗುತ್ತದೆ. ಮನೆಯವರಿಗೆ ಇದನ್ನು ಹೇಳಿಟ್ಟಿರಿ.

ಪರೀಕ್ಷೆ

ಬೇರೆ ಫೋನಿನಿಂದ ಮೂರು ಕರೆ ಮಾಡಿಸಿ: ಬೇಲಿ ದಾಟಿ ಐದು ನಿಮಿಷವಾದ ಮೇಲೆ ಒಂದು, ಒಳಗಿನ ಕೋಣೆಯಲ್ಲಿ ಕೂತಾಗ ಒಂದು, ಹೊರಬಂದು ಐದು ನಿಮಿಷಕ್ಕೆ ಒಂದು. ನಂತರ ಫೋನನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿ, ಮೂರನ್ನೂ ಮತ್ತೆ ಮಾಡಿಸಿ. ಫೋನ್ ಮರುಚಾಲೂ ಆದಾಗ ಆಂಡ್ರಾಯ್ಡ್‌ನ ಜಿಯೋಫೆನ್ಸ್‌ಗಳು ಅಳಿಸಿಹೋಗುತ್ತವೆ, ಆ್ಯಪ್ ಅವನ್ನು ಮತ್ತೆ ನೋಂದಾಯಿಸಬೇಕು. ಫೋನ್ ಆನ್ ಆದಾಗ ತಾನಾಗಿ ಶುರುವಾಗುವ ಅನುಮತಿ ಆ್ಯಪಿಗೆ ಇಲ್ಲದಿದ್ದರೆ ಎರಡನೇ ಸುತ್ತಿನಲ್ಲಿ ಮೊದಲ ಕರೆಯೇ ನಿಮ್ಮ ಜೇಬಿನಲ್ಲಿ ರಿಂಗಾಗುತ್ತದೆ.